ಹ್ಯಾರಿಸನ್ ನಂತರ ಹಡಗಿನ ಕ್ರೋನೋಮೀಟರನ್ನು ರೂಪಿಸಿದವರಲ್ಲಿ ಥಾಮಸ್ ಅರ್ನ್‌ಶಾ ಏಕೆ ಮುಖ್ಯರು?

ಸಮುದ್ರದಲ್ಲೂ ಕರಾರುವಾಕ್ಕಾಗಿ ನಡೆಯುವ ಗಡಿಯಾರ, ಅಂದರೆ ಕ್ರೋನೋಮೀಟರ್, ಸಾಧ್ಯವೆಂದು ತೋರಿಸಿದವರು ಜಾನ್ ಹ್ಯಾರಿಸನ್. ಆದರೆ ಅಂಥ ಗಡಿಯಾರವನ್ನು ಸರಳಗೊಳಿಸಿ, ಹೆಚ್ಚು ಸಂಖ್ಯೆಯಲ್ಲಿ ತಯಾರಿಸಬಹುದಾದ ರೂಪಕ್ಕೆ ತಂದ ಶ್ರೇಯಸ್ಸು ಬಹುಮಟ್ಟಿಗೆ ಜಾನ್ ಅರ್ನಾಲ್ಡ್ ಮತ್ತು ಥಾಮಸ್ ಅರ್ನ್‌ಶಾ ಅವರದು.

1749ರಲ್ಲಿ ಲ್ಯಾಂಕಷೈರಿನಲ್ಲಿ ಹುಟ್ಟಿದ ಅರ್ನ್‌ಶಾ, 1780ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ ಸ್ಪ್ರಿಂಗ್ ಡಿಟೆಂಟ್ ಎಸ್ಕೇಪ್‌ಮೆಂಟ್ ಎಂಬ, ಗಡಿಯಾರದ ಚಕ್ರಗಳನ್ನು ಹಂತಹಂತವಾಗಿ ಮುಂದಕ್ಕೆ ಬಿಡುವ ಭಾಗವನ್ನು ರೂಪಿಸಿದರು. ಇದರಲ್ಲಿ ತೆಳುವಾದ ಸ್ಪ್ರಿಂಗಿಗೆ ಕೂರಿಸಿದ ಚಿಕ್ಕ ಹರಳೊಂದು ಹಲ್ಲುಚಕ್ರವನ್ನು ತಡೆಹಿಡಿದಿರುತ್ತದೆ. ಅತ್ತಿತ್ತ ಓಲಾಡುತ್ತ ಗಡಿಯಾರದ ವೇಗವನ್ನು ನಿರ್ಧರಿಸುವ ಬ್ಯಾಲೆನ್ಸ್ ಎಂಬ ಚಕ್ರ ಒಂದು ದಿಕ್ಕಿಗೆ ತಿರುಗುವಾಗ ಮಾತ್ರ ಆ ತಡೆ ಸರಿದು, ಹಲ್ಲೊಂದು ಬ್ಯಾಲೆನ್ಸನ್ನು ತಳ್ಳಿ, ಹಲ್ಲುಚಕ್ರ ಮರುಕ್ಷಣವೇ ಮತ್ತೆ ನಿಲ್ಲುತ್ತದೆ. ಉಳಿದ ಹೊತ್ತು ಬ್ಯಾಲೆನ್ಸ್ ಬಹುತೇಕ ಸ್ವತಂತ್ರ. ಈ ಭಾಗಕ್ಕೆ ಎಣ್ಣೆಯೂ ಬೇಡವಾದ್ದರಿಂದ, ಎಣ್ಣೆ ಗಟ್ಟಿಯಾಗಿ ವೇಗ ಕೆಡುವ ಭಯವಿಲ್ಲ. ಹಡಗಿನ ರೇಖಾಂಶವನ್ನು ಗಡಿಯಾರದ ಸಮಯದಿಂದಲೇ ಲೆಕ್ಕಹಾಕುತ್ತಿದ್ದರು; ಗಡಿಯಾರ ಕೇವಲ 4 ಸೆಕೆಂಡ್ ತಪ್ಪಿದರೂ ಸಮಭಾಜಕದ ಬಳಿ ಹಡಗಿನ ಸ್ಥಾನ ಒಂದು ನಾಟಿಕಲ್ ಮೈಲಿಯಷ್ಟು ತಪ್ಪುತ್ತದೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಹಿತ್ತಾಳೆ ಮತ್ತು ಉಕ್ಕನ್ನು ಕರಗಿಸಿ ಬೆಸೆದು, ತಾಪಮಾನದ ಏರಿಳಿತವನ್ನು ಸರಿದೂಗಿಸುವ ಬ್ಯಾಲೆನ್ಸ್ ತಯಾರಿಕೆಯನ್ನೂ ಅವರು ಉತ್ತಮಪಡಿಸಿದರು.

ಎಸ್ಕೇಪ್‌ಮೆಂಟಿನ ಪೇಟೆಂಟ್ ಮಾತ್ರ 1783ರಲ್ಲಿ ಥಾಮಸ್ ರೈಟ್ ಎಂಬ ಗಡಿಯಾರ ತಯಾರಕರ ಹೆಸರಿನಲ್ಲಿ ದಾಖಲಾಯಿತು. ಅರ್ನಾಲ್ಡ್ ತಮ್ಮ ಕಲ್ಪನೆಯನ್ನು ಕದ್ದರೆಂದು ಅರ್ನ್‌ಶಾ ಕೊನೆಯವರೆಗೂ ದೂರಿದರು. ಆ ಜಗಳವನ್ನು ಇಂದು ತೀರ್ಮಾನಿಸುವುದು ಕಷ್ಟ. ಆದರೆ ಮುಂದಿನ ತಯಾರಕರು ಬಹುಪಾಲು ಅನುಸರಿಸಿದ್ದು ಅರ್ನ್‌ಶಾ ಮಾದರಿಯನ್ನೇ. ಅವರು 1829ರಲ್ಲಿ ನಿಧನರಾದರು. 1831ರಲ್ಲಿ ಡಾರ್ವಿನ್ ಇದ್ದ ಬೀಗಲ್ ಹಡಗು ಒಯ್ದ 22 ಕ್ರೋನೋಮೀಟರ್‌ಗಳಲ್ಲಿ ಅವರ 509ನೆಯ ಸಂಖ್ಯೆಯದೂ ಒಂದು. ಅದೀಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.