ಮಗುವಿನ ಬೆನ್ನಿನಿಂದ ನೀರು ತೆಗೆಯಲು ಒಪ್ಪಬೇಕೇ, ಇನ್ನೆರಡು ದಿನ ಕಾಯಬೇಕೇ?

ನಿಮ್ಮ ಮೂರು ವರ್ಷದ ಮಗಳಿಗೆ ಜ್ವರದ ಜೊತೆ ಫಿಟ್ಸ್ ಬಂದಿದೆ, ವೈದ್ಯರು ಬೆನ್ನಿನ ನೀರು (ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವ) ಪರೀಕ್ಷಿಸಬೇಕೆನ್ನುತ್ತಾರೆ, ಮನೆಯ ಹಿರಿಯರು ಕಾಲು ಬಿದ್ದುಹೋಗುತ್ತದೆ ಎಂದು ತಡೆಯುತ್ತಿದ್ದಾರೆ. 2017ರಲ್ಲಿ ನಮ್ಮ ಮನೆಯಲ್ಲಿ ತಡೆದವನು ನಾನೇ.

ನಮ್ಮದು ಗಂಗಾವತಿಯ ಕಡೆಯ ಭತ್ತದ ಸೀಮೆ. ಮಗನಿಗೆ ಆಗ ನಾಲ್ಕು ವರ್ಷ. ಎರಡು ದಿನ ಜ್ವರವಿತ್ತು. ಮೂರನೆಯ ದಿನ ಬೆಳಿಗ್ಗೆ ರೊಟ್ಟಿಯ ಚೂರನ್ನು ಬಾಯಿಗಿಡುವ ಬದಲು ಕಿವಿಗೆ ಒಯ್ದ. ಅವನ ಅಜ್ಜಿ ನಕ್ಕರು, ನಾನೂ ನಕ್ಕೆ. ಸಂಜೆಯ ಹೊತ್ತಿಗೆ ಬಲಗೈ ಮತ್ತು ತುಟಿಯ ಬಲಗಡೆ ಅದುರತೊಡಗಿದವು.

ಆಸ್ಪತ್ರೆಯಲ್ಲಿ ಮೆದುಳು ಜ್ವರದ ಶಂಕೆಯಿದೆ ಎಂದು ಹೇಳಿ ಬೆನ್ನಿನ ನೀರು ತೆಗೆಯಲು ಒಪ್ಪಿಗೆ ಕೇಳಿದರು. ನನ್ನನ್ನು ಕೆಡಿಸಿದ್ದು ಅರೆ ತಿಳಿವಳಿಕೆ. ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳು ಹಂದಿ ಮತ್ತು ಕೊಕ್ಕರೆಗಳಿಂದ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದ ವೈರಸ್ಸನ್ನು ಮಕ್ಕಳಿಗೆ ತರುತ್ತವೆ ಎಂದು ಓದಿದ್ದೆ. ಆ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲವೆಂದೂ ಓದಿದ್ದೆ. ಎರಡೂ ನಿಜವೇ. ಅದನ್ನು ತಡೆಯುವ ಒಂಬತ್ತನೆಯ ತಿಂಗಳ ಲಸಿಕೆ ಹಾಕಿಸಿ, ಒಂದೂವರೆ ವರ್ಷದ ಹೊತ್ತಿಗೆ ಹಾಕಿಸಬೇಕಾದ ಎರಡನೆಯದನ್ನು ಬಿಟ್ಟಿದ್ದೆವಾದ್ದರಿಂದ ಇದು ಸೊಳ್ಳೆಯ ಜ್ವರವೇ ಎಂದು ನಾನೇ ತೀರ್ಮಾನಿಸಿದೆ. ಔಷಧಿಯೇ ಇಲ್ಲದ ರೋಗದ ಹೆಸರು ತಿಳಿಯಲು ಮಗುವಿನ ಬೆನ್ನಿಗೆ ಸೂಜಿ ಚುಚ್ಚಿಸುವುದೇಕೆ? ಪರೀಕ್ಷೆ ಬೇಡವೆಂದು ಕಾಗದಕ್ಕೆ ಸಹಿ ಹಾಕಿ ಮಗುವನ್ನು ಮನೆಗೆ ತಂದೆ. ಅವನು ಮಂಪರಿನಲ್ಲಿ ಮಲಗಿದ್ದನ್ನು ಜ್ವರ ಬಿಟ್ಟ ನಿದ್ದೆ ಎಂದುಕೊಂಡು ಯಾರೂ ಎಬ್ಬಿಸಬಾರದು ಎಂದೂ ಹೇಳಿದೆ.

ಮೂವತ್ತಾರು ಗಂಟೆಗಳ ಬಳಿಕ ಬಳ್ಳಾರಿಯಲ್ಲಿ ಬೆನ್ನಿನ ನೀರು ತೆಗೆದರು. ಪಿಸಿಆರ್ ಪರೀಕ್ಷೆಯಲ್ಲಿ ಸಿಕ್ಕಿದ್ದು ಹರ್ಪಿಸ್ ಸಿಂಪ್ಲೆಕ್ಸ್, ಅಂದರೆ ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ ವೈರಸ್. ಇದಕ್ಕೆ ಔಷಧಿ ಇದೆ. ಈ ವೈರಸ್ ಮೆದುಳಿಗೆ ಹೊಕ್ಕಾಗ ಚಿಕಿತ್ಸೆ ಸಿಗದಿದ್ದರೆ ನೂರರಲ್ಲಿ ಸುಮಾರು 70 ಮಂದಿ ಸಾಯುತ್ತಾರೆ. ಅಸೈಕ್ಲೋವಿರ್ ಎಂಬ ಆ ಔಷಧಿ ಬೇಗ ಸಿಕ್ಕಷ್ಟೂ ಮೆದುಳು ಉಳಿಯುತ್ತದೆ. ಎಂಟು ಗಂಟೆಗೊಮ್ಮೆ, 21 ದಿನ, ರಕ್ತನಾಳದ ಮೂಲಕ ಕೊಟ್ಟರು. ಮಗ ಬದುಕಿದ. ಫಿಟ್ಸ್ ಮಾತ್ರೆ ಇನ್ನೂ ನಿಂತಿಲ್ಲ. ಬೆಳಿಗ್ಗೆ ಕಲಿತ ಪದ್ಯ ಸಂಜೆಗೆ ಅವನಲ್ಲಿ ಉಳಿಯುವುದಿಲ್ಲ.

ಆದ್ದರಿಂದ ‘ಸೂಜಿಯೋ, ಕಾಯುವುದೋ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾಯುವುದು ಸುರಕ್ಷಿತ ದಾರಿಯೆಂದು ನಿಮಗೆ ಹೇಳಿದವರಾರು? ಸೂಜಿ ಹೋಗುವುದು ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ, ಸೊಂಟದ ಮೂಳೆಗಳ ನಡುವೆ. ತೆಗೆಯುವುದು ಕೆಲವೇ ಮಿಲಿಲೀಟರ್, ಅಷ್ಟನ್ನು ದೇಹವೇ ಮತ್ತೆ ತುಂಬಿಕೊಳ್ಳುತ್ತದೆ. ಮೆದುಳಿನಲ್ಲಿ ಒತ್ತಡ ಹೆಚ್ಚಿರಬಹುದು, ಮೊದಲು ಸ್ಕ್ಯಾನ್ ಆಗಲಿ ಎಂದು ವೈದ್ಯರು ಮುಂದೂಡಿದರೆ ಅದು ಬೇರೆ ಮಾತು. ಹಿರಿಯರ ಭಯಕ್ಕೆ ಮುಂದೂಡಬೇಡಿ. ಈಗಲೇ ಸಹಿ ಹಾಕಿ, ಫಲಿತಾಂಶಕ್ಕೆ ಕಾಯದೆ ಅಸೈಕ್ಲೋವಿರ್ ಆರಂಭಿಸಿದ್ದೀರಾ ಎಂದು ವೈದ್ಯರನ್ನು ಕೇಳಿ. ಮಗಳು ನಿದ್ದೆ ಮಾಡುತ್ತಿದ್ದರೆ ಎಬ್ಬಿಸಿ, ನಿಮ್ಮನ್ನು ಗುರುತಿಸುತ್ತಾಳೆಯೇ ನೋಡಿ, ಗುರುತಿಸದಿದ್ದರೆ ಅದನ್ನೂ ಆ ಕ್ಷಣವೇ ನರ್ಸ್‌ಗೆ ತಿಳಿಸಿ.