ಪ್ರೋಗ್ರಾಮಿಂಗ್ ಅಸೈನ್‌ಮೆಂಟ್‌ಗಳಿಗೆ ಯಾವ ಆನ್‌ಲೈನ್ ವ್ಯವಸ್ಥೆ ಒಳ್ಳೆಯದು?

ಗಿಟ್‌ಹಬ್ ಕ್ಲಾಸ್‌ರೂಮ್, ಮೂಡಲ್, ಗೂಗಲ್ ಕ್ಲಾಸ್‌ರೂಮ್, ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಕೊನೆಗೆ 'ನಕಲು ಮಾಡುವವರು ಸಿಕ್ಕಿಬೀಳುವಂತಿರಬೇಕು' ಎಂದು ಸೇರಿಸಿದ್ದೀರಿ. ಆ ಸಾಲು ಓದಿ ಸುಮ್ಮನಿರಲಾಗಲಿಲ್ಲ. ಅದೇ ಹುಮ್ಮಸ್ಸಿನಲ್ಲಿ ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಹತ್ತೊಂಬತ್ತು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಬೈದವನು. ಅವರಲ್ಲಿ ಒಬ್ಬರೂ ತಪ್ಪು ಮಾಡಿರಲಿಲ್ಲ.

2022ರ ಕೊನೆಯ ಮಾತು. ಮೂರನೇ ಸೆಮಿಸ್ಟರ್, ಸಿ ಭಾಷೆಯಲ್ಲಿ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್. ಒಟ್ಟು 57 ಮಂದಿ, 19ರಂತೆ ಮೂರು ಬ್ಯಾಚ್. ಅಲ್ಲಿಯವರೆಗೆ ಪೆನ್ ಡ್ರೈವ್ ಮತ್ತು ವಾಟ್ಸ್ಆಪ್‌ನಲ್ಲೇ ನಮ್ಮ ವ್ಯವಹಾರ ನಡೆಯುತ್ತಿತ್ತು. ಗಿಟ್‌ಹಬ್ ಕ್ಲಾಸ್‌ರೂಮ್ ಹೊಂದಿಸಲು ನನಗೆ ಒಂದು ಭಾನುವಾರದ ಮಧ್ಯಾಹ್ನ ಸಾಕಾಯಿತು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಆರ್ಗನೈಸೇಷನ್ (ಸಾಮೂಹಿಕ ಖಾತೆ) ತೆರೆದೆ, ಯುಎಸ್‌ಎನ್ (ವಿದ್ಯಾರ್ಥಿಗಳ ನೋಂದಣಿ ಸಂಖ್ಯೆ) ಪಟ್ಟಿ ಹಾಕಿದೆ, ಅಸೈನ್‌ಮೆಂಟಿನ ಲಿಂಕ್ ಕಳುಹಿಸಿದೆ. ಲಿಂಕ್ ಒತ್ತಿ ಒಪ್ಪಿಕೊಂಡ ಪ್ರತಿಯೊಬ್ಬರಿಗೂ ಪ್ರತ್ಯೇಕ ರೆಪೊಸಿಟರಿ, ಅಂದರೆ ಕೋಡ್ ಇಡುವ ಜಾಗ, ತಾನಾಗಿ ತಯಾರಾಗುತ್ತದೆ. ಇದರಲ್ಲಿ ಕಷ್ಟವೇನೂ ಇಲ್ಲ.

ಕಷ್ಟ ಶುರುವಾಗಿದ್ದು ಲ್ಯಾಬ್‌ನಲ್ಲಿ. ಮೊದಲ ಬ್ಯಾಚ್ ಬಂದ ದಿನ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಹೆಸರು ಮತ್ತು ಇಮೇಲ್ ತಿಳಿಸುವ ಎರಡು ಆಜ್ಞೆಗಳನ್ನು ಬೋರ್ಡಿನ ಮೇಲೆ ಬರೆದೆ. ಗಿಟ್ ಕಾನ್ಫಿಗ್, ಗ್ಲೋಬಲ್, ಯೂಸರ್ ನೇಮ್. ಮತ್ತೆ ಅದೇ ರೀತಿ ಇಮೇಲ್. ಒಬ್ಬ ಅಡ್ಡಗೆರೆ ಒಂದೇ ಹಾಕಿದ, ಇನ್ನೊಬ್ಬಳು ಉದ್ಧರಣ ಚಿಹ್ನೆ ಮುಚ್ಚಲಿಲ್ಲ. ಎರಡು ಸಾಲಿಗೆ ಇಪ್ಪತ್ತೈದು ನಿಮಿಷ ಹೋಯಿತು. ಎರಡನೇ ಬ್ಯಾಚಿನಲ್ಲಿ ಸಿರುಗುಪ್ಪ, ಕುರುಗೋಡು ಕಡೆಯಿಂದ ಓಡಾಡುವವರೇ ಹೆಚ್ಚು. ಗಡಿಯಾರ ನಾಲ್ಕೂವರೆ ದಾಟಿದರೆ ಅವರ ಕಣ್ಣು ಬಾಗಿಲ ಮೇಲೆ, ಮನಸ್ಸು ಬಸ್ಸಿನ ಮೇಲೆ. ಸಮಯ ಉಳಿಸೋಣ ಎಂದು ಹೇಳಿಬಿಟ್ಟೆ: "ಆ ಎರಡು ಸಾಲು ನೀವು ಬಿಡಿ, ಮೊದಲ ಬ್ಯಾಚಿನವರು ಆಗಲೇ ಹಾಕಿದ್ದಾರೆ." ಮೂರನೇ ಬ್ಯಾಚಿಗೂ ಅದನ್ನೇ ಹೇಳಿದೆ.

ನನ್ನನ್ನು ಮುಳುಗಿಸಿದ್ದು ಈ ಒಂದು ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ. ಗ್ಲೋಬಲ್ ಎಂದರೆ ಆ ಕಂಪ್ಯೂಟರಿನಲ್ಲಿ ಆ ವಿಂಡೋಸ್ ಬಳಕೆದಾರ ಮಾಡುವ ಎಲ್ಲ ಕೆಲಸಕ್ಕೂ ಅನ್ವಯ ಎಂದರ್ಥ. ನಮ್ಮ ಲ್ಯಾಬ್‌ನ ಪ್ರತಿ ಕಂಪ್ಯೂಟರಿನಲ್ಲೂ ಇದ್ದದ್ದು 'ಸ್ಟೂಡೆಂಟ್' ಎಂಬ ಒಂದೇ ಲಾಗಿನ್. ಅಂದರೆ ಏಳನೇ ಕಂಪ್ಯೂಟರಿನಲ್ಲಿ ಮೊದಲ ದಿನ ಯಾರು ಕುಳಿತರೋ, ಆ ಮೇಲೆ ಅಲ್ಲಿ ಕುಳಿತವರೆಲ್ಲರ ಕಮಿಟ್‌ಗಳ (ಗಿಟ್‌ನಲ್ಲಿ ಉಳಿಸಿದ ಬದಲಾವಣೆಗಳ) ಮೇಲೂ ಅವರದೇ ಹೆಸರು. ಕಮಿಟ್‌ನಲ್ಲಿ ಕಾಣುವ ಹೆಸರು ಅಂಚೆ ಲಕೋಟೆಯ ಮೇಲಿನ 'ಇಂದ' ವಿಳಾಸವಿದ್ದಂತೆ, ಏನು ಬರೆದರೂ ನಡೆಯುತ್ತದೆ, ಯಾರೂ ಪರೀಕ್ಷಿಸುವುದಿಲ್ಲ. ಪುಶ್ ಮಾಡುವಾಗ, ಅಂದರೆ ಕಮಿಟ್‌ಗಳನ್ನು ಗಿಟ್‌ಹಬ್‌ಗೆ ಕಳುಹಿಸುವಾಗ, ಕೇಳುವ ಲಾಗಿನ್ ಬೇರೆ. ಅದನ್ನು ಗಿಟ್‌ಹಬ್ ಪರೀಕ್ಷಿಸುತ್ತದೆ. 2021ರ ಆಗಸ್ಟ್‌ನಿಂದ ಅಲ್ಲಿ ಬರೀ ಪಾಸ್‌ವರ್ಡ್ ಕೂಡ ನಡೆಯುವುದಿಲ್ಲ, ಟೋಕನ್ (ಪಾಸ್‌ವರ್ಡ್ ಬದಲಿಗೆ ಗಿಟ್‌ಹಬ್ ಕೊಡುವ ಗುಪ್ತ ಸಂಕೇತ) ಬೇಕು, ಇಲ್ಲವೇ ಬ್ರೌಸರ್ ಮೂಲಕ ಒಳಹೋಗಬೇಕು.

ಇನ್ನೂ ನಾಚಿಕೆಯ ಸಂಗತಿ ಕೇಳಿ. ಎರಡನೇ ಬ್ಯಾಚಿನವರು ಪುಶ್ ಮಾಡಿದಾಗ ರೆಪೊಸಿಟರಿ ಸಿಗಲಿಲ್ಲ ಎಂಬ ಸಂದೇಶ ಬಂತು. ಮೊದಲ ಬ್ಯಾಚಿನವರ ಲಾಗಿನ್ ಅನ್ನು ವಿಂಡೋಸ್ ನೆನಪಿಟ್ಟುಕೊಂಡಿತ್ತು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ ಹೋಗಿ ಅದನ್ನು ಅಳಿಸುವುದನ್ನು ನಾನೇ ಹೇಳಿಕೊಟ್ಟೆ. ಹಿಂದಿನವರ ಲಾಗಿನ್ ಉಳಿದುಕೊಂಡಿದ್ದರೆ ಹೆಸರೂ ಉಳಿದಿರುತ್ತದೆ ಎಂಬುದು ಆಗಲಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಪುಶ್ ಆಯಿತಲ್ಲ, ಅಷ್ಟೇ ಸಾಕಾಗಿತ್ತು ನನಗೆ.

ಲಿಂಕ್ಡ್ ಲಿಸ್ಟ್ ಅಸೈನ್‌ಮೆಂಟ್ ಮುಗಿದ ಮೇಲೆ, ಯಾರು ಎಷ್ಟು ಕಮಿಟ್ ಮಾಡಿದ್ದಾರೆ ಎಂದು ಎಣಿಸುವ ಸಣ್ಣ ಸ್ಕ್ರಿಪ್ಟ್ ಬರೆದು ಓಡಿಸಿದೆ. 57 ರೆಪೊಸಿಟರಿಗಳು, ಬರೆದವರು 19 ಮಂದಿ, ತಲಾ ಮೂರು! ನಕಲು ಮಾಡುವವರು ಎಲ್ಲಾದರೂ ಇಷ್ಟು ನ್ಯಾಯವಾಗಿ ಪಾಲು ಹಾಕಿಕೊಳ್ಳುತ್ತಾರೆಯೇ? ಆ ಅಚ್ಚುಕಟ್ಟುತನ ನೋಡಿಯೇ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಸಂತೋಷ, ಕಳ್ಳರು ಸಿಕ್ಕರು ಎಂದು. 38 ಜನರಿಗೆ ಸೊನ್ನೆ ಹಾಕಿ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದೆ. 'ಬರೆದುಕೊಟ್ಟ' ಹತ್ತೊಂಬತ್ತು ಮಂದಿಯನ್ನು ಸ್ಟಾಫ್ ರೂಮಿಗೆ ಕರೆಸಿದೆ.

ಹಿಂದಿನ ಸಾಲಿನಲ್ಲಿ ತೆಲುಗಿನಲ್ಲಿ ಏನೋ ಗೊಣಗಾಟ ನಡೆದಿತ್ತು. ಕೌಲ್ ಬಜಾರ್ ಕಡೆಯ ಒಬ್ಬ ಹುಡುಗಿ ಮಾತ್ರ ಮುಂದೆ ಬಂದಳು. ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ, ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ನೀಲಿ ಪೆನ್ನಿನಲ್ಲಿ ಅಂಗೈ ಮೇಲೆ ಒಂದು ಸಮಯ ಬರೆದುಕೊಂಡಿದ್ದಳು: 2:47.

"ಸರ್, ಬುಧವಾರ ಎರಡು ನಲವತ್ತೇಳಕ್ಕೆ ನನ್ನ ಹೆಸರಿನಲ್ಲಿ ಕಮಿಟ್ ಆಗಿದೆ. ಆಗ ನಾನು ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿದ್ದೆ. ಹಾಜರಿ ಪುಸ್ತಕ ಮೇಡಂ ಹತ್ತಿರ ಇದೆ, ತರಿಸಿ ನೋಡಿ."

ಹಾಜರಿ ಪುಸ್ತಕ ತರಿಸಲಿಲ್ಲ, ನೇರವಾಗಿ ಲ್ಯಾಬಿಗೆ ಹೋದೆ. ಏಳನೇ ಕಂಪ್ಯೂಟರಿನಲ್ಲಿ ಆಜ್ಞೆ ಕೊಟ್ಟು ಹೆಸರು ಕೇಳಿದೆ. ಅವಳ ಹೆಸರು ಬಂತು. ಎಂಟನೆಯದರಲ್ಲಿ ಇನ್ನೊಬ್ಬನದು. ಹತ್ತೊಂಬತ್ತನೆಯದರವರೆಗೆ ನೋಡುವ ಅಗತ್ಯವಿರಲಿಲ್ಲ, ಆದರೂ ನೋಡಿದೆ. ನೋಟಿಸ್ ಬೋರ್ಡಿನ ಪಟ್ಟಿ ಕೀಳುವಾಗ ಅರ್ಧ ಹರಿದು, ಸೊನ್ನೆಗಳಿದ್ದ ಭಾಗ ಮಾತ್ರ ಗೋಂದಿಗೆ ಅಂಟಿಕೊಂಡು ಉಳಿಯಿತು. ಮರುದಿನ ತರಗತಿಯಲ್ಲಿ ತಪ್ಪು ನನ್ನದು ಎಂದು ಹೇಳಿದೆ. ಆ ಹುಡುಗಿ ತಲೆ ಎತ್ತಲಿಲ್ಲ, ನೋಟ್ಸ್ ಬರೆಯುತ್ತಲೇ ಇದ್ದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಗೂಗಲ್ ಕ್ಲಾಸ್‌ರೂಮ್ ಫೈಲ್ ಸಂಗ್ರಹಿಸುತ್ತದೆ, ಕೋಡ್ ಓಡಿಸಿ ನೋಡುವುದಿಲ್ಲ. ಮೂಡಲ್ ಗಟ್ಟಿಮುಟ್ಟು, ಆದರೆ ಸರ್ವರ್ ನೋಡಿಕೊಳ್ಳುವ ಒಬ್ಬರು ಬೇಕು, ಆ ಒಬ್ಬರು ಕೊನೆಗೆ ನೀವೇ ಆಗುತ್ತೀರಿ. ನಾನು ಈಗಲೂ ಗಿಟ್‌ಹಬ್ ಬಳಸುತ್ತೇನೆ. ಆದರೆ ಮೊದಲ ತಿಂಗಳು ಗಿಟ್ ಆಜ್ಞೆಗಳ ಸುದ್ದಿಗೇ ಹೋಗುವುದಿಲ್ಲ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಲಾಗಿನ್ ಆಗಿ ಫೈಲ್ ಅಪ್‌ಲೋಡ್ ಮಾಡಲಿ. ಹಾಗೆ ಮಾಡಿದಾಗ ಲಾಗಿನ್ ಆದವರ ಹೆಸರೇ ಕಮಿಟ್‌ಗೆ ಬರುತ್ತದೆ, ಕಿಟಕಿ ಮುಚ್ಚಿದರೆ ಹಿಂದೆ ಲಾಗಿನ್ ಉಳಿಯುವುದಿಲ್ಲ. ಲ್ಯಾಪ್‌ಟಾಪ್ ಇಲ್ಲದವರು ಮೊಬೈಲಿನಿಂದಲೂ ಮಾಡಬಹುದು. ಆಜ್ಞೆ ಕಲಿಸುವಾಗ ಗ್ಲೋಬಲ್ ಎಂಬ ಪದವನ್ನು ಬೋರ್ಡಿನ ಮೇಲೆ ಬರೆಯಲೇಬೇಡಿ. ಅದಿಲ್ಲದೆ ಕೊಟ್ಟರೆ ಹೆಸರು ಆ ರೆಪೊಸಿಟರಿಗೆ ಮಾತ್ರ ಸೀಮಿತವಾಗುತ್ತದೆ.

ನಕಲು ಹಿಡಿಯುವ ಆಸೆಯನ್ನಂತೂ ಬಿಟ್ಟುಬಿಡಿ. ಸ್ಟ್ಯಾನ್‌ಫರ್ಡ್‌ನ ಮಾಸ್ ಎಂಬ ಸಾಧನ 1994ರಿಂದ ಇದೆ, ಕೋಡ್‌ಗಳ ನಡುವಿನ ಹೋಲಿಕೆಯನ್ನು ಚೆನ್ನಾಗಿಯೇ ತೋರಿಸುತ್ತದೆ. ಆದರೆ ನಮ್ಮಲ್ಲಿ ಎಲ್ಲರೂ ಒಂದೇ ಲ್ಯಾಬ್ ಮ್ಯಾನುಯಲ್ ನೋಡಿ ಬರೆಯುತ್ತಾರೆ, ಅದನ್ನು ಹಂಚಿದವರು ನಾವೇ. ಹೋಲಿಕೆ ಕಾಣದಿದ್ದರೆ ಆಶ್ಚರ್ಯ. ನಾನು ಈಗ ಪ್ರತಿಯೊಬ್ಬರನ್ನೂ ಐದು ನಿಮಿಷ ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಅವರದೇ ಪ್ರೋಗ್ರಾಮಿನಲ್ಲಿ ಪಾಯಿಂಟರ್ (ಮಾಹಿತಿ ಎಲ್ಲಿದೆ ಎಂದು ತೋರಿಸುವ ವಿಳಾಸ) ಬದಲಾಗುವ ಒಂದು ಸಾಲನ್ನು ಬೆರಳಿನಿಂದ ಮುಚ್ಚಿ, ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಕೇಳುತ್ತೇನೆ. ಕಾಗದದ ಮೇಲೆ ಬಾಣ ಬರೆದು ತೋರಿಸಿದವರಿಗೆ ಪೂರ್ತಿ ಅಂಕ, ಅದನ್ನು ಯಾರಿಂದ ಕಲಿತರು ಎಂದು ಕೇಳುವುದಿಲ್ಲ. 57 ಜನರಿಗೆ ಐದು ಗಂಟೆಯ ಹತ್ತಿರ ಬೇಕು, ಹೌದು. ನನ್ನ ಸ್ಕ್ರಿಪ್ಟ್‌ಗೆ ಎರಡು ಸೆಕೆಂಡ್ ಸಾಕಾಗಿತ್ತು.

ನಿಮ್ಮ ಲ್ಯಾಬ್‌ನ ಕಂಪ್ಯೂಟರುಗಳಲ್ಲಿ ವಿಂಡೋಸ್ ಲಾಗಿನ್ ಎಷ್ಟಿವೆ, ಒಂದೇ ಕುರ್ಚಿಯಲ್ಲಿ ಎಷ್ಟು ಮಂದಿ ಕೂರುತ್ತಾರೆ, ಇವೆರಡನ್ನು ಮೊದಲು ನೋಡಿಕೊಂಡು ಬಂದು ಇಲ್ಲಿ ಬರೆಯಿರಿ. ಯಾವ ಸಾಧನ ಎಂಬುದನ್ನು ಆಮೇಲೆ ಮಾತನಾಡೋಣ.