ಕೊರಿಯನ್ ಕಲಿಯೋಕೆ ಯಾವ ಯೂನಿವರ್ಸಿಟಿ?

ಪ್ರಶ್ನೆ: ಮೇಡಂ, ಡಿಗ್ರಿ ಮುಗೀತು, ಒಂದು ವರ್ಷ ಸಿಯೋಲ್‌ನಲ್ಲಿದ್ದು ಕೊರಿಯನ್ ಕಲೀಬೇಕು ಅಂತ ಆಸೆ. ಸೊಗಾಂಗ್ ಒಳ್ಳೇದಾ, ಯೊನ್ಸೆನಾ? ಅಕ್ಷರ ಬಿಟ್ರೆ ಬೇರೇನೂ ಬರಲ್ಲ.
- ಓದುಗಿ, ಹಾಸನ

ಉತ್ತರ: ಎರಡೂ ಒಳ್ಳೇವೇ ಕಣಮ್ಮ, ನಿಂಗೆ ಏನು ಬೇಕು ಅನ್ನೋದು ಮುಖ್ಯ. ಸೊಗಾಂಗ್‌ನಲ್ಲಿ ಮಾತಿಗೆ ಒತ್ತು, ಕ್ಲಾಸಲ್ಲಿ ಸುಮ್ನೆ ಕೂರೋಕೆ ಬಿಡಲ್ಲ. ಯೊನ್ಸೆ 1959ರಿಂದ ವಿದೇಶಿಯರಿಗೆ ಕಲಿಸ್ತಿದೆ, ಅಲ್ಲಿ ವ್ಯಾಕರಣ, ಬರವಣಿಗೆ ಗಟ್ಟಿ. ಮುಂದೆ ಅಲ್ಲೇ ಮಾಸ್ಟರ್ಸ್ ಮಾಡೋ ಯೋಚನೆ ಇದ್ರೆ ನನ್ ಓಟು ಯೊನ್ಸೆಗೆ, ಬರೀ ಮಾತಾಡೋಕೆ ಬಂದ್ರೆ ಸಾಕು ಅಂದ್ರೆ ಸೊಗಾಂಗ್.

ರೆಗ್ಯುಲರ್ ಕೋರ್ಸ್ ಸಾಮಾನ್ಯವಾಗಿ 10 ವಾರ, 200 ಗಂಟೆ, ಅಂದ್ರೆ ವಾರಕ್ಕೆ 5 ದಿನ, ದಿನಕ್ಕೆ 4 ಗಂಟೆ, ಹೋಮ್‌ವರ್ಕ್ ಬೇರೆ. ಒಂದು ಟರ್ಮ್‌ಗೆ ಒಂದು ಲೆವೆಲ್, ವರ್ಷಕ್ಕೆ ನಾಲ್ಕು ಟರ್ಮ್, ಹಾಗಾಗಿ ನಾಲ್ಕು ಲೆವೆಲ್ ಆಗುತ್ತೆ. ಭಾಷೆ ಕಲಿಯೋಕೆ ಹೋಗೋರಿಗೆ ಕೊಡೋ ಡಿ-4 ವೀಸಾಗೆ ಹಾಜರಿ ಬಹಳ ಮುಖ್ಯ, ಕ್ಲಾಸ್ ತಪ್ಪಿಸಿದ್ರೆ ವೀಸಾ ಮುಂದುವರಿಸೋಕೇ ಕಷ್ಟ ಆಗುತ್ತೆ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡ.

ಕನ್ನಡದೋರಿಗೆ ವಾಕ್ಯ ಕಟ್ಟೋದು ಸಲೀಸು, ನಮ್ ಥರಾನೇ ಕ್ರಿಯಾಪದ ಕೊನೇಲಿ ಬರುತ್ತೆ, ‘ಶಾಲೆಗೆ’ ಅನ್ನೋ ಥರ ಪದಕ್ಕೇ ಪ್ರತ್ಯಯ ಅಂಟುತ್ತೆ, ‘ಹಕ್ಯೋಯೆ ಗಾಯೋ’ ಅಂದ್ರೆ ಶಾಲೆಗೆ ಹೋಗ್ತೀನಿ ಅಂತ. ಅಪ್ಪನಿಗೂ ‘ಅಪ್ಪ’ ಅಂತಾನೇ ಅಂತಾರೆ! ಕಷ್ಟ ಇರೋದು ಉಚ್ಚಾರಣೇಲಿ. ಚಂದ್ರ, ಮಗಳು, ಮುಖವಾಡ, ಇವಕ್ಕೆ ಕೊರಿಯನ್‌ನಲ್ಲಿರೋ ಮೂರು ಪದಕ್ಕೂ ವ್ಯತ್ಯಾಸ ಮೊದಲ ವ್ಯಂಜನದಲ್ಲಿ ಮಾತ್ರ, ನಮ್ ಕಿವಿಗೆ ಎಲ್ಲಾ ‘ತಾಲ್’ ಅಂತಾನೇ ಕೇಳ್ಸುತ್ತೆ. ಅದಕ್ಕೇ ಅಪ್ಲೈ ಮಾಡೋ ಮುಂಚೆ ಒಂದು ಕ್ಲಾಸಲ್ಲಿ ಎಷ್ಟು ಜನ ಇರ್ತಾರೆ ಅಂತ ಮೇಲ್ ಮಾಡಿ ಕೇಳು, ಜನ ಕಮ್ಮಿ ಇದ್ದಷ್ಟೂ ಟೀಚರ್ ನಿನ್ ಬಾಯಿ ತಿದ್ದೋಕೆ ಟೈಮ್ ಸಿಗುತ್ತೆ.